ರೋನೋಕ್ ದ್ವೀಪದ ನಾಟಕಕ್ಕೆ ಹಗಲಲ್ಲೇ ತಲುಪಿ

ಮಾನ್ಯರೇ,

ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಅಮೆರಿಕದ ರಾಲಿ, ಕೇರಿ ನಗರಗಳ ಕಡೆ ಹೋಗುವ ನಮ್ಮ ಹಿರಿಯರು ನಯಾಗರಾ ನೋಡದೆ ಬರುವುದಿಲ್ಲ. ಆದರೆ ರಾಲಿ ನಗರಕ್ಕೆ ಹೆಸರು ಬಂದದ್ದು ಯಾರಿಂದಲೋ ಆ ಹದಿನಾರನೇ ಶತಮಾನದ ಇಂಗ್ಲಿಷ್ ಸಾಹಸಿ ಸರ್ ವಾಲ್ಟರ್ ರಾಲಿ ಕಳಿಸಿದ ವಲಸಿಗರ ಕಥೆಯನ್ನು, ಅದು ನಡೆದ ನೆಲದಲ್ಲೇ ಆಡುವ ನಾಟಕವೊಂದು ಕಾರಿನಲ್ಲಿ ಮೂರೂವರೆ ಗಂಟೆ ದೂರದಲ್ಲಿದೆ. ನಾರ್ತ್ ಕ್ಯಾರೊಲಿನಾದ ರೋನೋಕ್ ದ್ವೀಪದಲ್ಲಿ, ನೀರಿನಂಚಿನ ವಾಟರ್‌ಸೈಡ್ ಥಿಯೇಟರ್‌ನಲ್ಲಿ ಆಡುವ ಪಾಲ್ ಗ್ರೀನ್ ಅವರ ‘ದಿ ಲಾಸ್ಟ್ ಕಾಲೊನಿ’ ಅದು. 1937ರಲ್ಲಿ ಒಂದೇ ಬೇಸಿಗೆಗೆಂದು ಶುರುವಾದದ್ದು, ಮಹಾಯುದ್ಧದ ಕಾಲ ಮತ್ತು ಕೋವಿಡ್‌ನ 2020 ಬಿಟ್ಟರೆ ಇವತ್ತಿಗೂ ನಡೆದಿದೆ. (ರಾಲಿ ಮಹಾಶಯ ಮಾತ್ರ ಒಮ್ಮೆಯೂ ಈ ದ್ವೀಪಕ್ಕೆ ಕಾಲಿಟ್ಟವನಲ್ಲ!)

ಆಟ ರಾತ್ರಿ 8:30ರ ಸುಮಾರಿಗೆ. ಆದರೂ ಮಧ್ಯಾಹ್ನವೇ ತಲುಪಬೇಕು. ರಂಗಮಂದಿರ ಇರುವುದು ಫೋರ್ಟ್ ರಾಲಿ ರಾಷ್ಟ್ರೀಯ ಐತಿಹಾಸಿಕ ತಾಣದೊಳಗೆ. ತಾಣಕ್ಕೆ ಪ್ರವೇಶ ಶುಲ್ಕವಿಲ್ಲ, ಆದರೆ ಅಲ್ಲಿನ ವಸ್ತುಪ್ರದರ್ಶನ ಸಂಜೆ ಐದಕ್ಕೆ ಬಾಗಿಲು ಹಾಕುತ್ತದೆ. ಅದನ್ನು ನೋಡದೆ ಕೂತರೆ ಇತಿಹಾಸ ಎಲ್ಲಿ ಮುಗಿಯಿತು, ನಾಟಕಕಾರನ ಕಲ್ಪನೆ ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ.

ದಾಖಲೆಯಲ್ಲಿರುವುದು ಇಷ್ಟು. 1587ರಲ್ಲಿ ಜಾನ್ ವೈಟ್‌ನ ಮುಂದಾಳತ್ವದಲ್ಲಿ ಹೆಂಗಸರು ಮಕ್ಕಳೂ ಸೇರಿ ನೂರಕ್ಕೂ ಹೆಚ್ಚು ಜನ ಇಲ್ಲಿಳಿದರು. ಆಗಸ್ಟ್ 18ರಂದು ವೈಟ್‌ನ ಮೊಮ್ಮಗಳು ವರ್ಜೀನಿಯಾ ಡೇರ್ ಹುಟ್ಟಿದಳು. ಒಂಬತ್ತು ದಿನಕ್ಕೆ ಅಜ್ಜ ಸಾಮಾನು ತರಲು ಇಂಗ್ಲೆಂಡಿಗೆ ಹೊರಟ. ಸ್ಪೇನಿನ ನೌಕಾಪಡೆಯ ಭಯಕ್ಕೆ ಹಡಗುಗಳೆಲ್ಲ ಯುದ್ಧಕ್ಕೆ ಮೀಸಲಾದವು. ಅವನು ಮರಳಿದ್ದು 1590ರಲ್ಲಿ, ಮೊಮ್ಮಗಳ ಮೂರನೇ ಹುಟ್ಟುಹಬ್ಬದ ದಿನ. ಮನೆಗಳನ್ನು ಕಳಚಿ ಒಯ್ದಿದ್ದರು. ಬೇಲಿಯ ಕಂಬವೊಂದರ ತೊಗಟೆ ಸುಲಿದು, ನೆಲದಿಂದ ಐದಡಿ ಎತ್ತರದಲ್ಲಿ ‘ಕ್ರೊಯಟೋನ್’ ಎಂದು ಅಂದವಾಗಿ ಕೆತ್ತಿತ್ತು. ಅದು ದಕ್ಷಿಣದ ದ್ವೀಪವೊಂದರ, ಅಲ್ಲಿನ ಮೂಲನಿವಾಸಿಗಳ ಹೆಸರು. ಆಪತ್ತು ಬಂದರೆ ಜೊತೆಗೊಂದು ಶಿಲುಬೆ ಕೆತ್ತಬೇಕೆಂದು ಮೊದಲೇ ಮಾತಾಗಿತ್ತು, ಶಿಲುಬೆ ಇರಲಿಲ್ಲ. ಬಿರುಗಾಳಿಯಿಂದ ವೈಟ್ ಅಲ್ಲಿಗೆ ಹೋಗಲಾಗಲಿಲ್ಲ.

ಮುಂದಿನದು ಇತಿಹಾಸಕ್ಕೆ ಗೊತ್ತಿಲ್ಲ, ನಾಟಕಕ್ಕೆ ಗೊತ್ತು! ವಲಸಿಗರು ಹೊರಟುಹೋಗುವ ಕೊನೆಯ ದೃಶ್ಯ ಗ್ರೀನ್ ಕೊಟ್ಟ ಉತ್ತರ. ವೈಟ್‌ನ ಮಗಳು, ವರ್ಜೀನಿಯಾಳ ತಾಯಿ ಎಲಿನರ್ ಡೇರ್ ಮತ್ತು ವಲಸಿಗ ಜಾನ್ ಬೋರ್ಡನ್ ಪ್ರೇಮವೂ ಅವರದೇ ಸೃಷ್ಟಿ. ಇವರಿಗೂ ಮೊದಲು ಬಂದಿದ್ದ ಇಂಗ್ಲಿಷರು 1586ರಲ್ಲಿ ಸ್ಥಳೀಯ ದೊರೆ ವಿಂಗಿನನನ್ನು ಕೊಂದದ್ದು ಮಾತ್ರ ಕಲ್ಪನೆಯಲ್ಲ. ಮೂಲನಿವಾಸಿಗಳ ಪಾತ್ರಗಳಿಗೆ ದಶಕಗಳ ಕಾಲ ಬಿಳಿಯರೇ ಬಣ್ಣ ಬಳಿದುಕೊಂಡು ಬರುತ್ತಿದ್ದರು. 2021ರಿಂದ ಅವನ್ನು ಮೂಲನಿವಾಸಿ ಕಲಾವಿದರೇ ಮಾಡುತ್ತಿದ್ದಾರೆ. ತಡವಾಯಿತು, ಆದರೂ ಒಳ್ಳೆಯದೇ.

ಬಯಲಾಟ ನೋಡಿ ಬೆಳೆದವರಿಗೆ ಬಯಲು ಹೊಸದಲ್ಲ, ಆದರೆ ಇಲ್ಲಿನ ರಂಗ ಒಂದಲ್ಲ. ನಡುವಿನ ದೊಡ್ಡ ರಂಗದ ಎರಡೂ ಪಕ್ಕ ಸಣ್ಣ ರಂಗಗಳಿದ್ದು ಆಟ ಅತ್ತಿತ್ತ ಹರಿಯುತ್ತದೆ. ತೀರಾ ಮುಂದೆ ಕೂತರೆ ಕತ್ತು ತಿರುಗಿಸುವುದೇ ಕೆಲಸ. ಮಧ್ಯದ ಸಾಲುಗಳೇ ಸರಿ. ಜೂನ್‌ನಲ್ಲಿ ಸೂರ್ಯ ಮುಳುಗುವುದೇ ಎಂಟೂ ಕಾಲರ ಮೇಲೆ, ಹಾಗಾಗಿ ಮೊದಲ ದೃಶ್ಯಗಳಿಗೆ ಬೆಳಕಿನ ಮೋಡಿ ಕಡಿಮೆ. ಆಗಸ್ಟ್ ಕೊನೆಯಲ್ಲಿ ಆರಂಭದಿಂದಲೇ ಕತ್ತಲು. ಗಾಳಿ ನಿಂತರೆ ಸೊಳ್ಳೆಗಳು ಮುತ್ತುತ್ತವೆ. ಡೀಟ್ (ಸೊಳ್ಳೆ ಓಡಿಸುವ ರಾಸಾಯನಿಕ) ಇರುವ ಮುಲಾಮನ್ನು ಕಾರಿನಿಂದ ಇಳಿಯುವಾಗಲೇ ಪಾದ, ಕಣಕಾಲಿಗೆ ಹಚ್ಚಿಕೊಳ್ಳಿ, ಸೀರೆ ಉಟ್ಟವರು ಮುಖ್ಯವಾಗಿ. ಕೊಡೆ ಬೇಡ, ಹಿಂದಿನವರಿಗೆ ರಂಗವೇ ಕಾಣುವುದಿಲ್ಲ, ರೈನ್‌ಕೋಟ್ ಒಯ್ಯಿರಿ. ಮಳೆಗೆ ಆಟ ನಿಂತರೆ ಟಿಕೆಟ್ ಏನಾಗುತ್ತದೆಂಬ ನಿಯಮವನ್ನು ಕೊಳ್ಳುವಾಗಲೇ ಓದಿಕೊಳ್ಳಿ. ಮಂಡಿನೋವಿನವರು ಮೆಟ್ಟಿಲಿಲ್ಲದ ಜಾಗವನ್ನು ಬುಕಿಂಗ್‌ನಲ್ಲೇ ಕೇಳಬೇಕು. ಭಾನುವಾರ ಸಾಮಾನ್ಯವಾಗಿ ಆಟವಿರುವುದಿಲ್ಲ.

ಆಟ ಮುಗಿಯುವಾಗ ಹನ್ನೊಂದರ ಹತ್ತಿರ. ಅಂದೇ ರಾಲಿಗೆ ಹಿಂತಿರುಗುವ ಯೋಚನೆ ಬೇಡ. ಹೆದ್ದಾರಿ 64 ಆಲಿಗೇಟರ್ ರಿವರ್ ವನ್ಯಧಾಮದ ನಡುವೆ ಸಾಗುತ್ತದೆ, ಕರಡಿ ಮತ್ತು ಜಿಂಕೆ ರಸ್ತೆಗೆ ಬರುತ್ತವೆ. ಐದಾರು ಕಿಲೋಮೀಟರ್ ದೂರದ ಮ್ಯಾಂಟಿಯೊದಲ್ಲೋ, ಸೇತುವೆ ದಾಟಿ ನ್ಯಾಗ್ಸ್ ಹೆಡ್‌ನಲ್ಲೋ ಕೋಣೆ ಮೊದಲೇ ಹಿಡಿದಿಡಿ.

– ಕೆಲವು ರಂಗಾಸಕ್ತರು, ಮೈಸೂರು