ಲಂಡನ್ ನೋಡಿದವರು ಕ್ಲೀವ್‌ಡನ್ನಿಗೂ ಹೋಗಿ

ಮಾನ್ಯರೇ,

ಮಕ್ಕಳನ್ನು ನೋಡಲು ಇಂಗ್ಲೆಂಡಿಗೆ ಹೋಗುವ ನಮ್ಮವರಲ್ಲಿ ಅನೇಕರು ಲಂಡನ್ ಸುತ್ತಿ ಮರಳಿಬಿಡುತ್ತಾರೆ. ಬ್ರಿಸ್ಟಲ್ ಸಮೀಪದ ಕ್ಲೀವ್‌ಡನ್ ಎಂಬ ಪುಟ್ಟ ಕಡಲೂರನ್ನೂ ನೋಡಿ ಬನ್ನಿ ಎಂಬುದು ನನ್ನ ಕೋರಿಕೆ. ಅಲ್ಲಿ 1869ರಲ್ಲಿ ತೆರೆದ ಪಿಯರ್ ಇದೆ. ಸಮುದ್ರದೊಳಕ್ಕೆ ಚಾಚಿದ ವಿಹಾರ ಸೇತುವೆ. ಅದರ ಸಪೂರ ಕಾಲುಗಳು ಹಳೆಯ ರೈಲು ಹಳಿಗಳಿಂದಾದವು ಎಂದರೆ ನಂಬುವುದೇ ಕಷ್ಟ. ಜಗತ್ತಿನ ಅತಿ ದೊಡ್ಡ ಉಬ್ಬರವಿಳಿತಗಳಲ್ಲೊಂದು ಅವುಗಳ ನಡುವೆ ದಿನವೂ ನುಗ್ಗಿ ಹಿಂದೆ ಸರಿಯುತ್ತದೆ.

1970ರಲ್ಲಿ ಭಾರ ತಾಳುವ ಪರೀಕ್ಷೆ ನಡೆಸುವಾಗಲೇ ಎರಡು ಅಂಕಣಗಳು ಕುಸಿದವು. ಮುಂದೆ ಕೆಡವುವ ಮಾತೂ ಬಂತು. ಊರಿನವರು ಬಿಡಲಿಲ್ಲ. ವರ್ಷಗಟ್ಟಲೆ ಹೋರಾಡಿದರು, ಚಂದಾ ಎತ್ತಿದರು. 1989ರಲ್ಲಿ ಸೇತುವೆ ಮತ್ತೆ ತೆರೆಯಿತು. ತುದಿಯ ಕಟ್ಟೆ ಸಿದ್ಧವಾಗಲು 1998 ಆಯಿತು. ಎಂಥ ಛಲ!

ಕಾಲಡಿಯ ಹಲಗೆಗಳ ಮೇಲೆ ದಾನಿಗಳು ಬರೆಸಿದ ಚಿಕ್ಕ ಹಿತ್ತಾಳೆಯ ಫಲಕಗಳಿವೆ. ಅಗಲಿದ ಅಪ್ಪ, ಅಮ್ಮ, ಅಜ್ಜಿಯರ ಹೆಸರುಗಳನ್ನು ಬಗ್ಗಿ ಓದುತ್ತ ಹೋದರೆ ತುದಿ ತಲುಪಲು ಬಹಳ ಹೊತ್ತು ಬೇಕು. ಗಾಳಿ ಜೋರು, ಬೇಸಿಗೆಯಲ್ಲೂ ಸ್ವೆಟರ್ ಇರಲಿ. ಪ್ರವೇಶ ಶುಲ್ಕ ಸೇತುವೆಯ ನಿರ್ವಹಣೆಗೆ ನೆರವಾಗುತ್ತದೆ; ರೂಪಾಯಿಗೆ ಲೆಕ್ಕ ಹಾಕಿ ಹೊರಗಿನಿಂದಲೇ ನೋಡಿ ಹಿಂದಿರುಗಬೇಡಿ.

– ಓದುಗ, ಮೈಸೂರು