ಆ ಮುಳ್ಳುಗಿಡ ಕೀಳಿಸಬೇಡ

ಮೂಡಿಗೆರೆ, ಏಪ್ರಿಲ್ 6

ಪುಟ್ಟಿ,

ನಿನ್ನ ಅಂಗಳದ ಆ ಫ್ಲವರಿಂಗ್ ಕ್ವಿನ್ಸ್ ಗಿಡವನ್ನು ಬುಡಸಮೇತ ಕೀಳಿಸುತ್ತೇನೆ ಎಂದು ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಸುಮ್ನೆ ಹೂಂ ಅಂದುಬಿಟ್ಟೆ. ಆಮೇಲೆ ನಿದ್ದೆ ಬರಲಿಲ್ಲ. ಕೀಳಿಸಬೇಡ. ಪೋಸ್ಟಿಗೆ ಹಾಕಿದರೆ ತಡವಾಗುತ್ತೆ ಅಂತ ಈ ಕಾಗದದ ಫೋಟೊ ತೆಗೆದು ಕಳಿಸುತ್ತಿದ್ದೇನೆ.

ತಪ್ಪು ನನ್ನದೇ. ನಿನ್ನ ಮನೆಗೆ ಬಂದಿದ್ದಾಗ ಸಿಯಾಟಲ್‌ನ ಮಳೆ ನೋಡುತ್ತಾ ಮೂರು ದಿನ ಕೂತು ಬೇಜಾರಾಗಿತ್ತು. ಅಂಗಳದಲ್ಲಿ ಕಂಡದ್ದು ಎಲೆಯಿಲ್ಲದ ಮುಳ್ಳಿನ ಪೊದೆ. ಕೊಯ್ಲಾದ ಮೇಲೆ ಗಿಡ ಸವರುವುದು ಈ ಕೈಯ ಅಭ್ಯಾಸ. ಮೊಣಕಾಲೆತ್ತರಕ್ಕೆ ಇಳಿಸಿಬಿಟ್ಟೆ. ರೆಂಬೆಗೆ ಅಂಟಿದ್ದ ಕೆಂಪು ಗಂಟುಗಳನ್ನು ಏನೋ ರೋಗ ಅಂದುಕೊಂಡೆ. ಅವೇ ಮೊಗ್ಗು.

ನೀನು ಬಂದು ನೋಡಿ "ಪರವಾಗಿಲ್ಲ ಅಪ್ಪ" ಎಂದೆ. ಬೈದಿದ್ದರೆ ಚೆನ್ನಾಗಿತ್ತು.

ನೀನಾಗ ಮೂರನೇ ಕ್ಲಾಸು, 2002. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿತ್ತು. ಟೀಚರಿಗೆ ಕೊಡೋಕೆ ಅಂತ ನೀನು ತೋಳು ತುಂಬ ಕಾಫಿ ರೆಂಬೆ ಮುರಿದು ತಂದೆ. ಅದೇ ರೆಂಬೆಯಿಂದ ನಾನು ನಿನಗೆ ಹೊಡೆದೆ. ಹೂವೆಲ್ಲ ನಿನ್ನ ಲಂಗಕ್ಕೆ ಅಂಟಿಕೊಂಡಿತ್ತು. ನೀನು ಅಳಲಿಲ್ಲ. ಅಳಲಿಲ್ಲ ಅಂತ ಇನ್ನೊಂದು ಏಟು. ಮೊದಲನೆಯದಕ್ಕೆ ಕಾರಣ ಹೇಳಬಲ್ಲೆ. ಕಾಫಿ ರೇಟು ನೆಲಕಚ್ಚಿತ್ತು, ಸಾಲವಿತ್ತು. ಎರಡನೆಯದಕ್ಕೆ ಏನು ಹೇಳಲಿ? ಲೆಕ್ಕ ಹಾಕಿದ್ದೇನೆ, ಆ ಹೂವೆಲ್ಲ ಕಾಯಿ ಕಟ್ಟಿದ್ದರೂ ಎರಡು ಸೇರು ಹಣ್ಣು ಆಗ್ತಿರಲಿಲ್ಲ. ಸಿಯಾಟಲ್‌ನಲ್ಲಿ ನನ್ನ ಕೈಯಲ್ಲಿ ಕತ್ತರಿ, ನಿನ್ನ ಮುಖ ಮಾತ್ರ ಅವತ್ತಿನದೇ. ಎರಡು ಸೇರೂ ಇಲ್ಲ ಪುಟ್ಟಿ.

ಈಗ ಓದಿಕೊಂಡೆ. ಫ್ಲವರಿಂಗ್ ಕ್ವಿನ್ಸ್ ಚೀನಾ ಕಡೆಯ ಗಿಡ, ಗುಲಾಬಿ ಕುಟುಂಬದ್ದು. ಹಿಂದಿನ ಬೇಸಿಗೆಯಲ್ಲೇ ಮೊಗ್ಗು ಕಟ್ಟಿಕೊಂಡು ಚಳಿಯೆಲ್ಲ ಕಾಯುತ್ತೆ, ಹಳೇ ರೆಂಬೆಯಲ್ಲೇ ಹೂ. ಕಾಫಿಯೂ ಹಾಗೇ ಅಲ್ವಾ? ಗೊತ್ತಿದ್ದೂ ಕಡಿದೆ.

ಬೇರು ಗಟ್ಟಿಯಾಗಿದೆ. ಬುಡದಿಂದ ನಮ್ಮ ಕಾಫಿ ಗಿಡದ ಕಂಬಚಿಗುರಿನ ಹಾಗೆ ನೆಟ್ಟಗೆ ಚಿಗುರು ನುಗ್ಗುತ್ತೆ. ಗಟ್ಟಿಯಾದ ಏಳೆಂಟು ಉಳಿಸಿ ಮಿಕ್ಕದ್ದು ತೆಗೆ. ಚರ್ಮದ ಗ್ಲೌಸ್ ಹಾಕಿಕೋ, ಆ ಮುಳ್ಳು ಕೆಟ್ಟದ್ದು. ಗೊಬ್ಬರ ಜಾಸ್ತಿ ಸುರಿಯಬೇಡ, ಬರೀ ಎಲೆ ಬರುತ್ತೆ. ಬುಡದಲ್ಲಿ ನೀರು ನಿಲ್ಲಬಾರದು. ಬೇಸಿಗೆ ಕಳೆದ ಮೇಲೆ ಕತ್ತರಿ ಮುಟ್ಟಲೇಬೇಡ. ಹೂ ಮುಗಿದ ಕೂಡಲೇ ಸವರಬೇಕು. ಗಿಡ ದಟ್ಟವಾದ ಮೇಲೆ ಮೂರರಲ್ಲೊಂದು ಹಳೇ ಕಾಂಡ ಬುಡಕ್ಕೇ ಕಡಿಯಬೇಕು. ಮುಂದಿನ ವರ್ಷ ಹೂ ಕಡಿಮೆ ಇರಬಹುದು, ಅದರ ಮುಂದಿನ ವರ್ಷ ನೋಡು. ಗಿಡಕ್ಕೂ ಹೊತ್ತು ಅಂತ ಇರುತ್ತೆ, ನಿನಗೂ ಇರಬೇಕು. ರಾತ್ರಿ ಹತ್ತಕ್ಕೆ ನಿಂತುಕೊಂಡು ಬಟ್ಟಲಲ್ಲಿ ಸಿರಿಯಲ್ ತಿನ್ನೋದು ಒಂದು ಊಟವಾ? ಬಿಡು, ಅದನ್ನು ಬರೆಯೋಕೆ ಕೂತದ್ದಲ್ಲ.

ಹೋದ ವರ್ಷದ ಹೂವಿನ ಫೋಟೊ ತೋಟದ ಕಾಫಿ ಕೊಡೋಕೆ ಹೋದಾಗ ಎಲ್ಲರಿಗೂ ತೋರಿಸಿದೆ. ಮಗಳೇ ಗುಂಡಿ ತೋಡಿ ನೆಟ್ಟದ್ದು ಎಂದೆ. ಈಗ ಅದು ಹೇಗಿದೆ ಅಂತ ಹೇಳಲಿಲ್ಲ.

ಮುಂದೆ ಕಾಯಿ ಬಿಟ್ಟರೆ ಎಸೆಯಬೇಡ. ಕಲ್ಲಿನಷ್ಟು ಗಟ್ಟಿ, ಬಲು ಹುಳಿಯಂತೆ. ಬೇಯಿಸಿ ಬೆಲ್ಲ ಹಾಕಿದರೆ ಗೊಜ್ಜು ಆಗುತ್ತಾ ಅಂತ ಅಮ್ಮ ಕೇಳುತ್ತಿದ್ದಾಳೆ.

ಶನಿವಾರ ಕೀಳೋಕೆ ಬರುವವನಿಗೆ ಬೇಡ ಅಂತ ಹೇಳು. ಹೇಳಿದ ಮೇಲೆ ನನಗೊಂದು ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಅಪ್ಪ