ಫ್ಲೆಕ್ಸಿನ ಕೆಳಗಡೆ ಸಾಲಲ್ಲಿರೋ ಸಣ್ಣ ಫೋಟೋಗಳು

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಲ್ಲಿ ಮಂಡ್ಯದ ಸರ್ಕಲ್‌ಗಳಲ್ಲಿ ಫ್ಲೆಕ್ಸ್ ಕಾಟ ಅಂತ ಫೋಟೋ ಸಮೇತ ಬಂದಿತ್ತು, ಆಮೇಲೆ ಓದುಗರು ಬರ್ದಿರೋ ಪತ್ರನೂ ನೋಡ್ದೆ, ಎಲ್ರೂ ಬೈದಿರೋದು ಸಿನಿಮಾ ಹುಚ್ಚಿನ ಹುಡುಗ್ರಿಗೆ. ನಾನು ಇದೇ ಊರಲ್ಲಿ ಒಂಬತ್ತು ವರ್ಷ ಫ್ಲೆಕ್ಸ್ ಡಿಸೈನ್ ಮಾಡ್ದೋನು, ಈಗ ಜೆರಾಕ್ಸು, ಆನ್‌ಲೈನ್ ಅರ್ಜಿ ಅಂತ ಸಣ್ಣ ಅಂಗಡಿ ಇಟ್ಕೊಂಡಿದೀನಿ. ಹಂಗಾಗಿ ಒಳಗಿನ ವಿಚಾರ ಒಸಿ ಹೇಳಣ ಅನ್ನಿಸ್ತು.

ನಿಜ ಹೇಳ್ಬೇಕು ಅಂದ್ರೆ ಫ್ಲೆಕ್ಸ್ ಮಾಡ್ಸೋಕೆ ಬರೋರಿಗೆ ಹೀರೋ ಫೋಟೋ ಯಾವ್ದಾದ್ರೂ ನಡೀತದೆ. "ಗೂಗಲ್ಲಲ್ಲಿ ಯಾವ್ದು ಚೆನ್ನಾಗಿದ್ಯೋ ಹಾಕಣ್ಣ" ಅಂತಾರೆ, ಎರಡು ನಿಮಿಷದ ಕೆಲ್ಸ ಅದು. ಆಮೇಲೆ ಎರಡು ಗಂಟೆ ನನ್ನ ಪಕ್ಕ ಸ್ಟೂಲ್ ಎಳ್ಕೊಂಡು ಕೂರೋದು ಕೆಳಗಡೆ "ಶುಭ ಕೋರುವವರು" ಅಂತ ಇರ್ತದಲ್ಲ ಆ ಸಾಲಿಗೋಸ್ಕರ. ಯಾರ ಫೋಟೋ ಮೊದ್ಲು, ಯಾರದ್ದು ಮಧ್ಯ, ಕೈ ಕಟ್ಕೊಂಡಿರೋದು ಹಾಕಣ್ಣ, ಕೂಲಿಂಗ್ ಗ್ಲಾಸ್ ಇರೋದು ಹಾಕಣ್ಣ, ಮುಖ ಒಂಚೂರು ಬೆಳ್ಳಗೆ ಮಾಡಣ್ಣ, ಅವನ್ದು ನನ್ನದಕ್ಕಿಂತ ದೊಡ್ಡದಾಯ್ತು ನೋಡು. ಫೋಟೋ ಸೈಜಿಗೆ ಅಂತ ನನ್ನ ಅಂಗಡಿ ಮುಂದೆನೇ ಇಬ್ರು ಸ್ನೇಹಿತ್ರು ಮಾತು ಬಿಟ್ಟಿದ್ದಾರೆ. ಒಬ್ಬ ಹುಡುಗ ಬಂದು ತನ್ನ ಹೆಸ್ರಿನ ಮುಂದೆ "ಸಮಾಜ ಸೇವಕರು" ಹಾಕು ಅಂದ. ಏನಪ್ಪಾ ಸೇವೆ ಮಾಡಿದೀಯ ಅಂದ್ರೆ, "ಮಾಡ್ತೀನಿ ಬುಡಣ್ಣ, ಮೊದ್ಲು ಜನಕ್ಕೆ ಮುಖ ಪರಿಚಯ ಆಗ್ಲಿ" ಅಂದ. ನಗಾಡಿದ್ದೆ. ಎರಡು ವರ್ಷಕ್ಕೆ ಬೀದಿ ಗಣಪತಿ ಕಮಿಟಿಗೆ ಅವ್ನೇ ಅಧ್ಯಕ್ಷ, ಈಗ ಮದ್ವೆ ಮನೇಗೆ ಹೋದ್ರೆ ಮುಂದಿನ ಸಾಲಲ್ಲಿ ಚೇರ್ ಹಾಕಿ ಕೂರುಸ್ತಾರೆ, ಸೇವೆ ಯಾವ್ದು ಅಂತ ನಂಗಿನ್ನೂ ಗೊತ್ತಾಗಿಲ್ಲ.

ಮೊದ್ಲು ಹಿಂಗಿರ್ಲಿಲ್ಲ. ಟಾಕೀಸ್ ಮುಂದೆ ಕಟೌಟ್ ನಿಲ್ಲುಸ್ಬೇಕಾದ್ರೆ ಪೇಂಟ್ರು ಸಾರ್ವೆ ಕಟ್ಕೊಂಡು ದಿನಗಟ್ಲೆ ಬರೀಬೇಕಿತ್ತು, ಅಷ್ಟು ದುಡ್ಡು ಹೀರೋಗೆ ಮಾತ್ರ ಹಾಕ್ತಿದ್ರು. ಫ್ಲೆಕ್ಸ್ ಮಿಷಿನ್ ಬಂದ್ಮೇಲೆ ನಾನು ಸ್ಕ್ವೇರ್ ಫೀಟಿಗೆ 12 ರೂಪಾಯಿ ತಗೋತಿದ್ದೆ, ಅಂದ್ರೆ ಹತ್ತಕ್ಕೆ ಎಂಟರದ್ದು 960 ರೂಪಾಯಿ, ಎಂಟು ಜನ ಸೇರಿದ್ರೆ ತಲೆಗೆ 120. ಒಂದು ಬಿರಿಯಾನಿ ದುಡ್ಡಿಗೆ ಮೂರು ದಿನ ಸರ್ಕಲ್ಲಲ್ಲಿ ಫೇಮಸ್ಸು, ಯಾರು ಬೇಡ ಅಂತಾರೆ? ಅಣ್ಣಾವ್ರು ಅಭಿಮಾನಿಗಳ್ನ ದೇವ್ರು ಅಂತ ಕರುದ್ರು, ಈಗ ಆ ದೇವ್ರುಗಳಿಗೆಲ್ಲ ಒಂದೊಂದು ಉತ್ಸವಮೂರ್ತಿ ಬೇಕಾಗಿದೆ. ಪ್ಲಾಸ್ಟಿಕ್ ಫ್ಲೆಕ್ಸು ರಾಜ್ಯದಲ್ಲಿ 2016ರಲ್ಲೇ ಬ್ಯಾನ್ ಆಗಿರೋದು ಹೌದು, ಆಮೇಲೂ ನಾನು ಪ್ರಿಂಟ್ ಹಾಕ್ಸಿ ಕೊಟ್ಟಿರೋದೂ ಹೌದು, ಬಟ್ಟೇಲಿ ಮಾಡ್ಕೊಡ್ತೀನಿ ಅಂದ್ರೆ ಮುಖ ಮಂಕಾಗಿ ಕಾಣ್ತದೆ ಅಂತ ಬೇರೆ ಅಂಗಡಿಗೆ ಹೋಗೋರು.

ಈಗ ನಾನು ಬರೀಬೇಕು ಅಂತಿರೋ ವಿಷಯಕ್ಕೆ ಬರ್ತೀನಿ. 2018ರ ನವೆಂಬರ್ 24, ಶನಿವಾರ. ಮಧ್ಯಾಹ್ನ ಪಾಂಡವಪುರ ತಾಲೂಕಿನ ಕನಗನಮರಡಿ ಹತ್ರ ಬಸ್ಸು ವಿ.ಸಿ. ನಾಲೆಗೆ ಬಿದ್ದು 30 ಜನ ತೀರ್ಕೊಂಡ್ರು, ಸ್ಕೂಲ್ ಮುಗಿಸ್ಕೊಂಡು ಮನೇಗೆ ಹೊರಟಿದ್ದ ಮಕ್ಳೂ ಇದ್ರು ಅದ್ರಲ್ಲಿ. ಅವತ್ತೇ ರಾತ್ರಿ ಬೆಂಗಳೂರಲ್ಲಿ ಅಂಬರೀಶಣ್ಣ ಹೋಗ್ಬುಟ್ರು. ಸುದ್ದಿ ಬಂದು ಹತ್ತು ನಿಮಿಷ ಆಗಿಲ್ಲ, ಫೋನ್ ಶುರುವಾಯ್ತು, ಬೆಳಗಾಗೋತಂಕ ಕೂತು 40ಕ್ಕೂ ಹೆಚ್ಚು ಶ್ರದ್ಧಾಂಜಲಿ ಫ್ಲೆಕ್ಸ್ ಡಿಸೈನ್ ಮಾಡಿದೀನಿ. ಅಂಬರೀಶಣ್ಣನ ಮೇಲೆ ನಂಗೂ ಪ್ರಾಣ, ಮಾರನೇ ದಿನ ವಿಶ್ವೇಶ್ವರಯ್ಯ ಸ್ಟೇಡಿಯಮ್ಮಿಗೆ ಮೃತದೇಹ ತಂದಾಗ ಕ್ಯೂ ನಿಂತು ನೋಡ್ಕೊಂಡು ಬಂದೆ, ಅಲ್ಲಿ ಅತ್ತೋರ್ದು ನಾಟ್ಕ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಆದ್ರೆ ಆ ಫ್ಲೆಕ್ಸ್‌ಗಳಲ್ಲೂ ಕೆಳಗಡೆ ಸಾಲಿತ್ತು. ಕೂಲಿಂಗ್ ಗ್ಲಾಸೂ ಇತ್ತು. ಸಾವಿನ ಫ್ಲೆಕ್ಸಲ್ಲಿ ಕೂಲಿಂಗ್ ಗ್ಲಾಸ್ ಬೇಡಪ್ಪಾ ಅಂದ್ರೆ ನನ್ಹತ್ರ ಬೇರೆ ಫೋಟೋನೇ ಇಲ್ಲ ಅಂದ ಒಬ್ಬ.

ಕನಗನಮರಡಿ ಸತ್ತೋರಿಗೆ ಅಂತ ನನ್ನ ಅಂಗಡಿಗೆ ಒಂದು ಆರ್ಡರೂ ಬರ್ಲಿಲ್ಲ. ಬೇರೆ ಅಂಗಡಿಗೆ ಬಂದಿತ್ತೇನೋ, ನಾನು ನನ್ನದು ಹೇಳ್ತಿದೀನಿ. ಬರ್ಲಿಲ್ಲ ಅಂತ ನಂಗೆ ಹೊಳೆದಿದ್ದೇ ಭಾನುವಾರ ಸಂಜೆ, ದುಡ್ಡು ಎಣಿಸ್ತಾ ಇರ್ಬೇಕಾದ್ರೆ.

ಅಭಿಮಾನ ಎಲ್ಲಾ ಕೆಟ್ಟದ್ದೇ ಅಂತಲ್ಲ. 2021ರಲ್ಲಿ ಅಪ್ಪು ಹೋದಾಗ ಅವ್ರ ಕಣ್ಣು ದಾನ ಮಾಡಿದ್ದು ನೋಡಿ ನಾವೂ ಕಣ್ಣು ಕೊಡ್ತೀವಿ ಅಂತ ಎಷ್ಟೊಂದು ಜನ ಹೆಸ್ರು ಬರ್ಸುದ್ರು, ನಮ್ಮ ಮನೇಲೂ ಇಬ್ರು ಬರ್ಸಿದೀವಿ. ಆದ್ರೆ 2024ರ ಜನವರೀಲಿ ಗದಗ ಜಿಲ್ಲೆ ಸೂರಣಗೀಲಿ ಯಶ್ ಹುಟ್ಟಿದಬ್ಬಕ್ಕೆ ಕಟೌಟ್ ನಿಲ್ಲುಸೋಕೆ ಹೋಗಿ ಮೂರು ಹುಡುಗ್ರು ಕರೆಂಟ್ ಹೊಡೆದು ಸತ್ತಾಗ ನಂಗೆ ಊಟ ಸೇರ್ಲಿಲ್ಲ. ಯಶ್ ನಮ್ಮ ಮೈಸೂರಲ್ಲೇ ಬೆಳೆದೋರು, ಸತ್ತ ಹುಡುಗ್ರ ಮನೆಗಳಿಗೆ ಖುದ್ದಾಗಿ ಹೋಗಿ, ಈ ಥರ ಅಭಿಮಾನ ತೋರುಸ್ಬೇಡಿ ಅಂದ್ರು. ಹೀರೋನೇ ಬೇಡ ಅಂದ್ಮೇಲೂ ಕಟ್ತಾರೆ ಅಂದ್ರೆ ಅದು ಹೀರೋಗೆ ಅಲ್ಲ ಅಂತ ತಾನೇ? ಕಬ್ಬಿಣದ ಫ್ರೇಮು, ಮೇಲೆ ಲೈನು, ರಾತ್ರಿ ಹೊತ್ತು... ನಾನೂ ಹುಡುಗ್ರಿಗೆ ಅದೇ ಥರ ಫ್ರೇಮ್ ಹೊಡ್ಸಿ ಕಳ್ಸಿದೀನಿ, ಏನೂ ಆಗ್ಲಿಲ್ಲ ಅಷ್ಟೇ.

ಅಂದಹಾಗೆ ಪೇಪರ್‌ನೋರೂ ಸುಮ್ನೆ ಹುಡುಗ್ರಿಗೆ ಬೈಬೇಡಿ. ಲೀಡರ್ ಹುಟ್ಟಿದಬ್ಬಕ್ಕೆ ನಿಮ್ಮಲ್ಲಿ ಅರ್ಧ ಪುಟ ಜಾಹೀರಾತು ಬರ್ತದಲ್ಲ, ಅದ್ರಲ್ಲೂ ಕೆಳಗಡೆ ಅದೇ ಸಾಲು. ಲೈನಿಗೆ ತಗುಲಲ್ಲ ಅನ್ನೋದೊಂದೇ ವ್ಯತ್ಯಾಸ.

ನಗರಸಭೆಯೋರಿಗೆ ಒಂದು ಮಾತು. ಎಲೆಕ್ಷನ್ ಪೋಸ್ಟರ್ ಮೇಲೆ ಪ್ರಿಂಟ್ ಮಾಡ್ದೋನು, ಮಾಡಿಸ್ದೋನು ಇಬ್ರ ಹೆಸ್ರೂ ಅಡ್ರೆಸ್ಸೂ ಇರ್ಲೇಬೇಕು ಅಂತ 1951ರ ಪ್ರಜಾಪ್ರತಿನಿಧಿ ಕಾಯ್ದೇಲಿ ಇದೆ. ಹುಟ್ಟಿದಬ್ಬದ ಬ್ಯಾನರಿಗೂ ಅದನ್ನೇ ಮಾಡಿ, ಬಟ್ಟೇದಾಗ್ಲಿ ಯಾವ್ದಾಗ್ಲಿ. ಒಂದ್ಸಲ ನಾನೇ ನೋಡ್ಬುಡಣ ಅಂತ ಒಂದು ಡಿಸೈನಲ್ಲಿ ಎಂಟು ಫೋಟೋ ಕೆಳಗೂ ಮನೆ ಅಡ್ರೆಸ್ ಹಾಕಿ ತೋರ್ಸಿದ್ದೆ. ಆರು ಜನ ಫೋಟೋನೇ ತೆಗ್ಸಿಬುಟ್ರು.

ಇಂತಿ,
ಹಳೇ ಫ್ಲೆಕ್ಸ್ ಡಿಸೈನರ್, ಮಂಡ್ಯ